ಲ್ಯಾಪ್‌ಟಾಪಿನೊಳಗಿನ ಗುಂಯ್ ಸದ್ದು

ಕೇಳಿದ್ದನ್ನು ಟೈಪ್ ಮಾಡುವುದು ನನ್ನ ಕೆಲಸವಾಗಿತ್ತು. ಧಾರವಾಡದ ಒಂದು ಕಚೇರಿಯವರು ನಮ್ಮ ಕಡೆಯ ಹಳ್ಳಿಗಳಿಗೆ ಬಂದು, ವಯಸ್ಸಾದ ಹೆಂಗಸರನ್ನು ಮಾತಾಡಿಸಿ, ಅವರ ಬದುಕಿನ ಸಂಗತಿಗಳನ್ನು ರೆಕಾರ್ಡ್ ಮಾಡಿಕೊಂಡು ಹೋಗುತ್ತಿದ್ದರು. ಆ ಫೈಲುಗಳು ಇಂಟರ್‌ನೆಟ್ಟಿನಲ್ಲಿ ಇಂಡಿ ಊರಿನ ನಮ್ಮ ಮನೆಗೆ ಬರುತ್ತಿದ್ದವು. ನಾನು ಹೆಡ್‌ಫೋನ್ ಹಾಕಿಕೊಂಡು ಕೇಳಿ, ಅವರು ಆಡಿದ ಮಾತನ್ನು ಆಡಿದ ಹಾಗೆಯೇ ಬರೆದು ಕಳಿಸಬೇಕು. ತಿದ್ದುಪಡಿ ಮಾಡುವ ಹಾಗಿಲ್ಲ. ಮುದುಕಿ ಕೆಮ್ಮಿದರೆ ಕೆಮ್ಮಿದಳು ಎಂದು, ಅತ್ತರೆ ಅತ್ತಳು ಎಂದು ಬರೆಯಬೇಕು.

ಅದಕ್ಕೆ ಮೊದಲು ನಾನು ಒಂದು ಖಾಸಗಿ ಶಾಲೆಯಲ್ಲಿ ಕನ್ನಡ ಕಲಿಸುತ್ತಿದ್ದೆ. ಶಾಲೆ ಮುಚ್ಚಿತು. ಗಂಡ ಬಸ್ ಡಿಪೋದಲ್ಲಿ ಮೆಕ್ಯಾನಿಕ್, ಒಬ್ಬಳೇ ಮಗಳನ್ನು ಬಸವನ ಬಾಗೇವಾಡಿಗೆ ಕೊಟ್ಟಿದ್ದೆವು. ಮನೆಯಲ್ಲಿ ಹಗಲೆಲ್ಲ ನಾನೊಬ್ಬಳೇ. ಈ ಕೆಲಸ ಸಿಕ್ಕಿದ್ದು ನನಗೆ ಬದುಕಿನಲ್ಲಿ ಮತ್ತೊಮ್ಮೆ ಬಾಗಿಲು ತೆರೆದ ಹಾಗಾಗಿತ್ತು. ನನ್ನ ತವರು ಮುದ್ದೇಬಿಹಾಳದ ಕಡೆ, ಕೊಟ್ಟ ಮನೆ ಇಂಡಿ. ಎರಡೂ ಕಡೆಯ ಮಾತು ನನ್ನ ಕಿವಿಯಲ್ಲಿತ್ತು. ಮಾತಿನಲ್ಲಿ ಮರಾಠಿ ಎಷ್ಟು ಕೂಡಿದೆ ಎಂಬುದರ ಮೇಲೆ ಆ ಹೆಂಗಸು ಝಳಕಿಯ ಸುತ್ತಿನವಳೋ, ಸಿಂದಗಿಯ ಸುತ್ತಿನವಳೋ ಎಂದು ಹೇಳಬಲ್ಲೆನೆಂಬ ಹೆಮ್ಮೆ ನನಗಿತ್ತು. ಕಚೇರಿಯವರೂ ಹಾಗೇ ಅನ್ನುತ್ತಿದ್ದರು. ಬೇರೆಯವರು ಬಿಟ್ಟುಬಿಟ್ಟ ಫೈಲುಗಳು, ಹಲ್ಲಿಲ್ಲದ ಬಾಯಿಯವರ ಫೈಲುಗಳು ಕೊನೆಗೆ ನನ್ನ ಹತ್ತಿರವೇ ಬರುತ್ತಿದ್ದವು.

ಆ ಗುಂಯ್ ಸದ್ದು ಯಾವತ್ತು ಶುರುವಾಯಿತೋ ನನಗೆ ಸರಿಯಾಗಿ ನೆನಪಿಲ್ಲ. ಮಳೆಗಾಲ ಮುಗಿದು ತೊಗರಿ ಹೂ ಬಿಟ್ಟ ದಿನಗಳು ಅನ್ನುವುದಷ್ಟೇ ನೆನಪು. ಒಂದು ಬೆಳಿಗ್ಗೆ ಹೆಡ್‌ಫೋನ್ ಹಾಕಿಕೊಂಡು ಕೂತರೆ, ಮುದುಕಿಯ ಮಾತಿನ ಹಿಂದೆ ದೂರದಲ್ಲಿ ಹಿಟ್ಟಿನ ಗಿರಣಿ ಓಡಿದ ಹಾಗೆ ಒಂದೇ ಸಮನೆ ಗುಂಯ್ ಅನ್ನುತ್ತಿತ್ತು. ರೆಕಾರ್ಡ್ ಮಾಡಿದ ಊರಿನಲ್ಲೇ ಗಿರಣಿ ಇದ್ದಿರಬೇಕು ಎಂದುಕೊಂಡೆ. ಮುಂದಿನ ಫೈಲಿನಲ್ಲೂ ಅದೇ ಗುಂಯ್. ಅದರ ಮುಂದಿನದರಲ್ಲೂ ಅದೇ. ಅದರ ಜೊತೆಗೆ ಹೆಡ್‌ಫೋನಿನ ಎಡಬದಿ ಸ್ವಲ್ಪ ಮಂದವಾಗಿ ಕೇಳುತ್ತಿತ್ತು.

ಸಂಜೆ ಗಂಡ ಬಂದ ಮೇಲೆ ಅವರ ಕಿವಿಗೆ ಹೆಡ್‌ಫೋನ್ ಹಾಕಿ ಕೇಳಿಸಿದೆ.

"ಗುಂಯ್ ಅನ್ನಾಕತ್ತೈತೇನು ನೋಡ್ರಿ."

ಅವರು ಸ್ವಲ್ಪ ಹೊತ್ತು ಕೇಳಿದರು. "ಯಾರೋ ಮುದುಕಿ ಜ್ವಾಳದ ಸುದ್ದಿ ಹೇಳಾಕತ್ತಾಳ. ಮತ್ತೇನೂ ಇಲ್ಲ."

"ಆ ಮಾತಿನ ಹಿಂದ ಕೇಳ್ರಿ."

"ಹಿಂದೂ ಇಲ್ಲ ಮುಂದೂ ಇಲ್ಲ," ಎಂದು ಹೆಡ್‌ಫೋನ್ ತೆಗೆದುಕೊಟ್ಟರು. ದಿನವಿಡೀ ಬಸ್ಸಿನ ಇಂಜಿನ್ನಿನ ಹತ್ತಿರ ಇರುವವರಿಗೆ ಇಂಥ ಸಣ್ಣ ಸದ್ದು ಎಲ್ಲಿ ತಿಳಿಯಬೇಕು ಎಂದುಕೊಂಡೆ.

ನನ್ನ ತಮ್ಮ ಸಿಂದಗಿಯಲ್ಲಿರುತ್ತಾನೆ. ಮದುವೆಯ ವಿಡಿಯೋ ತೆಗೆದು, ಹಾಡು ಕೂಡಿಸಿ, ಮಿಕ್ಸಿಂಗ್ ಮಾಡಿಕೊಡುವ ಅಂಗಡಿ ಅವನದು. ಅವನಿಗೆ ಫೋನ್ ಮಾಡಿದೆ. ಅವನು ಹೇಳಿದ ಮೊದಲ ಮಾತು, ಚಾರ್ಜರ್ ತೆಗೆದು ಬರೇ ಬ್ಯಾಟರಿಯ ಮೇಲೆ ಕೇಳು ಎಂಬುದು. ಮನೆಯ ಅರ್ಥಿಂಗ್ ಸರಿ ಇಲ್ಲದಿದ್ದರೆ ಕರೆಂಟಿನ ಸದ್ದು ಹೆಡ್‌ಫೋನಿಗೆ ಬರುತ್ತದಂತೆ. ಚಾರ್ಜರ್ ತೆಗೆದೆ. ಗುಂಯ್ ಹೋಗಲಿಲ್ಲ. ಹೆಡ್‌ಫೋನ್ ಬದಲು ಮಾಡು ಎಂದ. ಮಾಡಿದೆ. ಹೊಸ ಹೆಡ್‌ಫೋನಿನಲ್ಲೂ ಅದೇ ಗುಂಯ್, ಅದೇ ಎಡಬದಿಯ ಮಂದ. ಹಾಗಾದರೆ ಕೆಟ್ಟಿರುವುದು ಲ್ಯಾಪ್‌ಟಾಪೇ ಎಂದು ನಾನು ತೀರ್ಮಾನ ಮಾಡಿಬಿಟ್ಟೆ. ಅದೂ ಹಳೆಯದಾಗಿತ್ತು, ಮಗಳು ಕಾಲೇಜಿನಲ್ಲಿ ಓದುವಾಗ ತೆಗೆದುಕೊಟ್ಟದ್ದು. ಫ್ಯಾನು ತಿರುಗಿದರೆ ಮೇಜೇ ನಡುಗುತ್ತಿತ್ತು.

ಆಮೇಲೆ ನಾನು ಕೆಲಸಕ್ಕೆ ಮೊದಲು ಒಂದಷ್ಟು ಹೊತ್ತು ಇದನ್ನೇ ಓದತೊಡಗಿದೆ. ಲ್ಯಾಪ್‌ಟಾಪಿನ ಧ್ವನಿ ಒಳ್ಳೆಯದಾಗಬೇಕಾದರೆ ಹೊರಗೊಂದು ಸೌಂಡ್ ಕಾರ್ಡ್ ಬೇಕೋ ಬೇಡವೋ ಎಂದು ಜನ ಇಂಟರ್‌ನೆಟ್ಟಿನಲ್ಲಿ ಎಷ್ಟು ಜಗಳಾಡುತ್ತಾರೆ ಎಂಬುದು ನನಗೆ ಆಗಲೇ ತಿಳಿದದ್ದು. ಬೇಕೇ ಬೇಕು ಅನ್ನುವವರು ಒಂದು ಕಡೆ. ಅದೆಲ್ಲ ಮನಸ್ಸಿನ ಭ್ರಮೆ, ಕಿವಿಗೆ ವ್ಯತ್ಯಾಸ ತಿಳಿಯುವುದೇ ಇಲ್ಲ ಅನ್ನುವವರು ಇನ್ನೊಂದು ಕಡೆ. ನಾನು ಮೊದಲನೆಯವರ ಮಾತನ್ನು ಪೂರ್ತಿ ಓದುತ್ತಿದ್ದೆ, ಎರಡನೆಯವರದನ್ನು ಅರ್ಧಕ್ಕೆ ಬಿಡುತ್ತಿದ್ದೆ.

ಒಂದು ದಿನ ಲ್ಯಾಪ್‌ಟಾಪನ್ನು ಚೀಲದಲ್ಲಿ ಹಾಕಿಕೊಂಡು ಬಸ್ಸು ಹತ್ತಿ ಸಿಂದಗಿಗೆ ಹೋದೆ. ತಮ್ಮನ ಅಂಗಡಿಯಲ್ಲಿ ಎರಡು ದೊಡ್ಡ ಸ್ಪೀಕರು, ಗೋಡೆಗೆ ನೇತುಹಾಕಿದ ವೈರುಗಳು, ಮೂಲೆಯಲ್ಲಿ ಮದುವೆಯ ಲೈಟುಗಳು. ಅವನು ನನ್ನ ಲ್ಯಾಪ್‌ಟಾಪಿಗೆ ತನ್ನ ಹೆಡ್‌ಫೋನ್ ಚುಚ್ಚಿ, ಕಣ್ಣು ಮುಚ್ಚಿಕೊಂಡು ಬಹಳ ಹೊತ್ತು ಕೇಳಿದ.

"ಅಕ್ಕಾ, ನನಗ ಗುಂಯ್ ಅನ್ನೂದು ಕೇಳವಲ್ದು."

"ನೀ ಡಿಜೆ ಹಚ್ಚಿ ಹಚ್ಚಿ ಕಿವಿ ಕೆಡಿಸಿಕೊಂಡಿ."

ಅವನು ನಕ್ಕ. "ಅದೂ ಖರೇನ ಇರಬೇಕು ಬಿಡು."

ಆಮೇಲೆ ಅವನು ಸಮಾಧಾನದಿಂದ ಬಿಡಿಸಿ ಹೇಳಿದ. ಲ್ಯಾಪ್‌ಟಾಪಿನ ಒಳಗೂ ಒಂದು ಸಣ್ಣ ಸೌಂಡ್ ಕಾರ್ಡ್ ಇರುತ್ತದೆ. ಫ್ಯಾನು, ಚಾರ್ಜಿಂಗು ಎಲ್ಲವೂ ಅದರ ಮಗ್ಗುಲಲ್ಲೇ ಇರುವುದರಿಂದ ಒಮ್ಮೊಮ್ಮೆ ಅದರೊಳಗೆ ಬೇಡದ ಸದ್ದು ಸೇರಿಕೊಳ್ಳುತ್ತದೆ. ಹೊರಗಿನ ಕಾರ್ಡಿನಲ್ಲಿ ಆ ತೊಂದರೆ ಕಡಿಮೆ. ತನ್ನ ಹಾಗೆ ದೊಡ್ಡ ಮೈಕ್ ಹಾಕಿ ರೆಕಾರ್ಡ್ ಮಾಡುವವರಿಗೆ ಅದು ಬೇಕೇ ಬೇಕು. ಬರೇ ಕೇಳುವವರಿಗೆ ಬೇಕಾಗಿಲ್ಲ.

"ನೀ ಕೇಳೂದು ಮುದುಕ್ಯಾರ ಮಾತು ಅಕ್ಕಾ. ಹೊಲದಾಗ ಕುಂತು ಸಾದಾ ರೆಕಾರ್ಡರನ್ಯಾಗ ತುಂಬಿದ್ದು. ಒಳಗ ಇದ್ದ ಕಾರ್ಡ ಅದಕ್ಕ ರಗಡ ಆತು. ಹೊರಗಿಂದು ಹಾಕಿದ್ರ ಫರಕ ಏನೂ ಆಗೂದಿಲ್ಲ."

"ನನಗ ಕೇಳೂದು ನಿನಗ ಕೇಳಂಗಿಲ್ಲ ಅಂದಮ್ಯಾಲ ಫರಕ ನಿನಗ ಹ್ಯಾಂಗ ಗೊತ್ತಾಗತೈತಿ?"

ಅವನು ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡದಾದ ಒಂದು ಕಪ್ಪು ಡಬ್ಬಿಯನ್ನು ಒಳಗಿನಿಂದ ತಂದು, ಲ್ಯಾಪ್‌ಟಾಪಿನ ಯುಎಸ್‌ಬಿಗೆ ಸಿಕ್ಕಿಸಿ, ಅದಕ್ಕೆ ಹೆಡ್‌ಫೋನ್ ಹಚ್ಚಿಕೊಟ್ಟ. ಡಬ್ಬಿಯ ಮೇಲೆ ಧ್ವನಿ ಏರಿಸುವ ಗುಂಡನೆಯ ತಿರುಪು ಇತ್ತು. ನಾನು ಅದನ್ನು ತಿರುಗಿಸುತ್ತ ಹೋದೆ. ಮುದುಕಿಯ ಧ್ವನಿ ಎದುರಿಗೇ ಕೂತ ಹಾಗೆ ಕೇಳಿತು. ಗುಂಯ್ ಅದರ ಕೆಳಗೆಲ್ಲೋ ಮುಚ್ಚಿಹೋಯಿತು. ನನ್ನ ಕಣ್ಣಲ್ಲಿ ನೀರು ಬಂತು. ತಮ್ಮ ನನ್ನ ಮುಖ ನೋಡಿ, "ಚಲೋ ಕೇಳತೈತಂದ್ರ ಒಯ್ಯಿ," ಎಂದ. ತನ್ನ ಹತ್ತಿರ ಬೇರೆ ಇದೆ ಎಂದು ಹೇಳಿ ಡಬ್ಬಿಯನ್ನು ನನ್ನ ಚೀಲದಲ್ಲಿ ಇಟ್ಟ.

ಮುಂದಿನ ಕೆಲವು ವಾರ ನಾನು ಬಹಳ ಖುಷಿಯಲ್ಲಿದ್ದೆ. ನೋಡ್ರಿ, ಕೆಟ್ಟಿದ್ದು ಲ್ಯಾಪ್‌ಟಾಪೇ ಹೌದಲ್ಲ ಎಂದು ಗಂಡನಿಗೆ ಎರಡು ಮೂರು ಸಲ ಹೇಳಿದೆ. ಕೆಲಸ ಬೇಗ ಬೇಗ ಸಾಗಿತು. ತಿರುಪನ್ನು ದಿನಕ್ಕೆ ಸ್ವಲ್ಪ ಸ್ವಲ್ಪ ಏರಿಸುತ್ತಿದ್ದೇನೆ ಎಂಬುದು ನನ್ನ ಗಮನಕ್ಕೆ ಬರಲಿಲ್ಲ. ಒಂದು ಸಲ ಗಂಡ ಅಂಗಳದಿಂದಲೇ ಕೂಗಿ, "ಆ ಮುದುಕಿ ಮಾತು ಹೊರತನಕ ಕೇಳಾಕತ್ತೈತಿ," ಎಂದರು. ಹೆಡ್‌ಫೋನಿನೊಳಗಿನ ಮಾತು ಹೊರಗಿನವರಿಗೆ ಹೇಗೆ ಕೇಳುತ್ತದೆ, ಚೇಷ್ಟೆ ಮಾಡುತ್ತಿದ್ದಾರೆ ಎಂದುಕೊಂಡೆ.

ಆ ದಿನಗಳಲ್ಲೇ ಯಂಕಂಚಿಯ ಒಬ್ಬ ಹೆಂಗಸಿನ ಫೈಲು ಬಂತು. ವಯಸ್ಸಾದ ಹೆಂಗಸು, ಮಾತು ಮೆಲ್ಲಗೆ. ತಾನು ಮದುವೆಯಾಗಿ ಬಂದದ್ದು, ಅತ್ತೆಯ ಕೈಕೆಳಗೆ ಬಾಳಿದ್ದು, ಮಳೆ ಹೋದ ವರ್ಷ ಊರೂರು ಕೂಲಿಗೆ ತಿರುಗಿದ್ದು, ಎಲ್ಲ ಹೇಳುತ್ತಾಳೆ. ನಡುವೆ ಒಂದು ಕಡೆ ಸುಮ್ಮನಾಗುತ್ತಾಳೆ. ಮತ್ತೆ ಹೇಳುತ್ತಾಳೆ. ಅದನ್ನು ನಾನು ಹೀಗೆ ಬರೆದೆ: "ಆ ಬ್ಯಾಸಗ್ಯಾಗ ಕೂಳ ಹೋತು. ಅವತ್ತಿಂದ ಒಲಿ ಮುಂದ ಕುಂದ್ರಾಕ ಮನಸ ಆಗಲಿಲ್ಲ." ಕೂಳು ಎಂದರೆ ಊಟ. ಮಳೆ ಹೋದ ವರ್ಷ, ಊಟಕ್ಕೆ ಗತಿಯಿಲ್ಲದಾಯಿತು, ಒಲೆಯ ಮುಂದೆ ಕೂರಲು ಮನಸ್ಸಾಗಲಿಲ್ಲ. ಎಲ್ಲ ಸರಿಯಾಗಿಯೇ ಹೊಂದಿತು. ಫೈಲು ಕಳಿಸಿದೆ.

ಎರಡು ದಿನ ಬಿಟ್ಟು ಕಚೇರಿಯಿಂದ ಫೋನ್ ಬಂತು. ನಾವು ಬರೆದದ್ದನ್ನು ತಿದ್ದುವ ಹೆಂಗಸು ಅಲ್ಲೊಬ್ಬಳಿದ್ದಳು, ನಾಲತವಾಡದವಳು, ನನಗಿಂತ ಚಿಕ್ಕವಳು. ನನ್ನನ್ನು ಅಕ್ಕಾರ ಅನ್ನುತ್ತಿದ್ದಳು.

"ಅಕ್ಕಾರ, ಯಂಕಂಚಿ ಫೈಲಿನ್ಯಾಗ ಒಂದು ತಪ್ಪು ಬಂದೈತ್ರಿ. ಅದು ಕೂಳ ಅಲ್ರಿ, ಕೂಳ."

"ಏನಂದಿ?"

"ಕೂಳ ಅಂತ ಬರದೀರಿ. ಅದು ಕೂಳ ಆಗಬೇಕ್ರಿ."

"ಎರಡೂ ಒಂದ ಹೇಳಾಕತ್ತೀಯಲ್ಲವಾ. ಕೂಳ ಅಂತನ ನಾ ಬರದೇನಿ."

ಆ ಕಡೆ ಅವಳು ಸಣ್ಣ ಮಕ್ಕಳಿಗೆ ಹೇಳುವ ಹಾಗೆ ಬಿಡಿಸಿ ಬಿಡಿಸಿ ಹೇಳಿದಳು. "ಸಣ್ಣ ಮಗುರಿ, ಅಕ್ಕಾರ. ತೊಟ್ಟಿಲ ಮಗುವಿನ ಸುದ್ದಿ ಅದು. ಆಕಿ ಮಗು ತೀರಿಕೊಂಡೈತ್ರಿ ಆ ಬ್ಯಾಸಗ್ಯಾಗ."

ತೊಟ್ಟಿಲು ಎಂದ ಮೇಲೆ ನನಗೆ ತಿಳಿಯಿತು. ಕೂಸ. ಆ ಹೆಂಗಸು ಹೇಳಿದ್ದು ಕೂಸ ಹೋತು ಎಂದು. ತನ್ನ ಸತ್ತ ಮಗುವಿನ ಮಾತನ್ನು ಆಕೆ ಎಷ್ಟೋ ವರ್ಷಗಳ ಮೇಲೆ ಗುರುತಿಲ್ಲದವರ ಮುಂದೆ ಒಂದೇ ಸಲ ಆಡಿದ್ದಳು. ನಾನು ಅದನ್ನು ಊಟದ ಸುದ್ದಿ ಮಾಡಿ ಕಳಿಸಿದ್ದೆ. ಫೋನಿಟ್ಟು ಹೋಗಿ ಆ ಫೈಲನ್ನು ಮತ್ತೆ ಹಾಕಿದೆ. ತಿರುಪನ್ನು ಕೊನೆಯ ತನಕ ತಿರುಗಿಸಿದೆ. ತಪ್ಪು ಗೊತ್ತಾದ ಮೇಲೂ ಅವಳ ಬಾಯಿಂದ ನನಗೆ ಕೇಳಿದ್ದು ಕೂಳ ಎಂದೇ.

ತಿದ್ದುವಾಕೆ ಮತ್ತೂ ಒಂದು ಮಾತು ಹೇಳಿದ್ದಳು. ಹಿಂದಿನ ಫೈಲುಗಳಲ್ಲೂ ಇಂಥ ತಪ್ಪುಗಳು ಬರತೊಡಗಿದ್ದವು, ತಾನೇ ತಿದ್ದಿಕೊಳ್ಳುತ್ತಿದ್ದೆ, ಮೇಲಿನವರಿಗೆ ತಿಳಿಸಿರಲಿಲ್ಲ ಎಂದು. ಸಕಾರ ಇರುವಲ್ಲಿ, ತಕಾರ ಇರುವಲ್ಲಿ ನನ್ನ ಬರಹ ಎಡವುತ್ತಿತ್ತಂತೆ. ನನಗೆ ಸಿಟ್ಟು ಬಂತು. ರೆಕಾರ್ಡ್ ಮಾಡಿದವರ ಮೇಲೆ, ಆ ಡಬ್ಬಿಯ ಮೇಲೆ, ತಮ್ಮನ ಮೇಲೆ. ಅಗ್ಗದ ಕಾರ್ಡು ಕೊಟ್ಟು ಕಳಿಸಿದ್ದಾನೆ, ಇನ್ನೂ ಒಳ್ಳೆಯದೊಂದು ಬೇಕು ಎಂದುಕೊಂಡೆ.

ಅದರ ಮರುದಿನ ಮಧ್ಯಾಹ್ನ ಕರೆಂಟು ಹೋಯಿತು. ಲ್ಯಾಪ್‌ಟಾಪಿನ ಬ್ಯಾಟರಿ ಹಳೆಯದು, ಅದೂ ಸ್ವಲ್ಪ ಹೊತ್ತಿಗೆ ಆರಿತು. ಪರದೆ ಕಪ್ಪಾಯಿತು, ಫ್ಯಾನು ನಿಂತಿತು. ನಾನು ಹೆಡ್‌ಫೋನ್ ತೆಗೆಯದೆ ಹಾಗೇ ಕೂತಿದ್ದೆ. ಗುಂಯ್ ಅನ್ನುತ್ತಲೇ ಇತ್ತು.

ಮೊದಲು ಅದು ಏನೆಂದು ನನಗೆ ಹೊಳೆಯಲೇ ಇಲ್ಲ. ಡಬ್ಬಿಯ ವೈರು ಕಿತ್ತೆ. ಹೆಡ್‌ಫೋನಿನ ವೈರು ಕಿತ್ತು ಕೈಯಲ್ಲಿ ಹಿಡಿದುಕೊಂಡೆ. ಯಾವುದಕ್ಕೂ ಸೇರದ ಆ ವೈರು ನನ್ನ ಮಡಿಲಲ್ಲಿ ಬಿದ್ದಿತ್ತು, ಕಿವಿಯಲ್ಲಿ ಗಿರಣಿ ಓಡುತ್ತಿತ್ತು. ಹೆಡ್‌ಫೋನ್ ತೆಗೆದು ಮೇಜಿನ ಮೇಲಿಟ್ಟೆ. ಓಣಿಯ ಸದ್ದುಗಳ ನಡುವೆ ಅದು ಸಣ್ಣದಾಯಿತೇ ಹೊರತು ಹೋಗಲಿಲ್ಲ. ಅಂಗೈಯಿಂದ ಎರಡೂ ಕಿವಿ ಮುಚ್ಚಿಕೊಂಡೆ. ಆಗ ಅದು ಪೂರ್ತಿ ಕೇಳಿತು.

ತಮ್ಮನಿಗೆ ಫೋನ್ ಮಾಡಿದೆ. ಏನಾಯಿತೆಂದು ಹೇಳಿದೆ. ಅವನು ಒಂದೇ ಒಂದು ಪ್ರಶ್ನೆ ಕೇಳಿದ.

"ಅಕ್ಕಾ, ಹೆಡ್‌ಫೋನ್ ಎಂದಾರ ಉಲ್ಟಾ ಹಾಕ್ಕೊಂಡು ನೋಡಿಯೇನು? ಎಡಗಡೆದು ಬಲಕ್ಕ, ಬಲಗಡೆದು ಎಡಕ್ಕ?"

"ಇಲ್ಲ."

"ಕರೆಂಟ ಬಂದಮ್ಯಾಲ ಹಾಕ್ಕೋ. ಹಾಕ್ಕೊಂಡು ನನಗ ಹೇಳು."

ಕರೆಂಟು ಬಂದಾಗ ಹಾಗೇ ಮಾಡಿದೆ. ಮಂದವಾಗಿ ಕೇಳುವುದು ಹೆಡ್‌ಫೋನಿನ ಎಡಬದಿಯಾಗಿದ್ದರೆ, ತಿರುವಿ ಹಾಕಿಕೊಂಡಾಗ ಅದು ನನ್ನ ಬಲಗಿವಿಗೆ ಬರಬೇಕಿತ್ತು. ಬರಲಿಲ್ಲ. ಮಂದ ನನ್ನ ಎಡಗಿವಿಯಲ್ಲೇ ಉಳಿಯಿತು. ಮತ್ತೆ ಸರಿಯಾಗಿ ಹಾಕಿದೆ, ಮತ್ತೆ ತಿರುವಿದೆ. ತಮ್ಮನಿಗೆ ಫೋನ್ ಮಾಡುವ ಧೈರ್ಯ ಆಗಲಿಲ್ಲ. ಸಂಜೆ ಅವನೇ ಮಾಡಿದ.

"ಏನಾತು ಅಕ್ಕಾ?"

"ಕಿವಿನ ಐತಿ," ಎಂದೆ.

"ನಾಳಿಗೇ ವಿಜಾಪುರಕ್ಕ ಹೋಗೂಣು," ಎಂದ. "ಮಾಮಾಗ ಹೇಳು. ನಾನೂ ಬರ್ತೇನಿ."

ವಿಜಾಪುರದ ಆಸ್ಪತ್ರೆಯಲ್ಲಿ ನನ್ನನ್ನು ಒಂದು ಸಣ್ಣ ಕೋಣೆಯೊಳಗೆ ಕೂರಿಸಿದರು. ಗೋಡೆಗೆಲ್ಲ ಸ್ಪಂಜು, ದಪ್ಪ ಬಾಗಿಲು, ಎದುರಿಗೊಂದು ಗಾಜು. ಗಾಜಿನ ಆಚೆ ಒಬ್ಬ ಹುಡುಗಿ ಯಂತ್ರದ ಮುಂದೆ ಕೂತಿದ್ದಳು. ನನ್ನ ಕಿವಿಗೆ ಹೆಡ್‌ಫೋನ್ ಹಾಕಿ, ಕೈಯಲ್ಲಿ ಒಂದು ಬಟನ್ ಕೊಟ್ಟು, "ಸಪ್ಪಳ ಕೇಳಿದ ಕೂಡಲೇ ಒತ್ರಿ. ಸಣ್ಣಗ ಕೇಳಿದ್ರೂ ಒತ್ರಿ," ಎಂದು ಬಾಗಿಲು ಹಾಕಿಕೊಂಡಳು.

ಬಲಗಿವಿಯಲ್ಲಿ ಕೆಲವು ಸದ್ದು ಕೇಳಿದವು, ಒತ್ತಿದೆ. ಆಮೇಲೆ ಏನೂ ಇಲ್ಲ. ಎಡಗಿವಿಯದು ಇನ್ನೂ ಶುರುವಾಗಿಲ್ಲ ಎಂದು ಕಾಯುತ್ತ ಕೂತೆ. ಗಾಜಿನ ಆಚೆ ನೋಡಿದರೆ ಆ ಹುಡುಗಿಯ ಕೈ ಯಂತ್ರದ ಮೇಲೆ ಆಡುತ್ತಲೇ ಇತ್ತು. ಒಂದು ಬಟನ್ ಒತ್ತುವಳು, ನನ್ನ ಕಡೆ ನೋಡುವಳು, ತಿರುಪು ಏರಿಸುವಳು, ಮತ್ತೆ ಒತ್ತುವಳು, ಮತ್ತೆ ನನ್ನ ಕಡೆ ನೋಡುವಳು. ನನಗೆ ಕೇಳುತ್ತಿದ್ದದ್ದು ಗಿರಣಿಯೊಂದೇ. ಪರೀಕ್ಷೆಯಲ್ಲಿ ಏನೂ ಬರೆಯದೆ ಕೂತ ಹುಡುಗಿಯ ಹಾಗೆ ನನಗೆ ಅಳು ಬಂತು. ಅವಳ ಕೈ ಆಡಿದ್ದನ್ನು ನೋಡಿ ಒಂದೆರಡು ಸಲ ಸುಳ್ಳೇ ಒತ್ತಿದೆ. ಅವಳಿಗೆ ಅದು ತಿಳಿದಿರಬೇಕು. ಎದ್ದು ಬಂದು ನನ್ನ ಕುರ್ಚಿಯನ್ನು ಗೋಡೆಯ ಕಡೆ ತಿರುಗಿಸಿ ಹೋದಳು. ಆಮೇಲೆ ತಲೆಯ ಸ್ಕ್ಯಾನೂ ಆಯಿತು.

ವೈದ್ಯರು ವಯಸ್ಸಾದವರು, ನಮ್ಮ ಕಡೆಯವರೇ. ಕಾಗದದ ಮೇಲೆ ಎರಡು ಗೆರೆಗಳು. ಎರಡೂ ಬೆಟ್ಟ ಇಳಿದ ಹಾಗೆ ಬಲಕ್ಕೆ ಬರುತ್ತ ಬರುತ್ತ ಕೆಳಗೆ ಇಳಿದಿದ್ದವು.

"ಎಡಗಿವಿ ನರ ಭಾಳ ಸೋತೈತ್ರಿ. ಬಲಗಿವಿದೂ ಶುರು ಆಗೇತಿ. ದಪ್ಪ ಸಪ್ಪಳ ಇನ್ನೂ ಕೇಳತಾವ. ಸಣ್ಣ ಸಪ್ಪಳ, ಸ ಅನ್ನೂದು, ತ ಅನ್ನೂದು, ಅವು ಮೊದಲ ಹೋಗತಾವ."

"ಆ ಗುಂಯ್ ಅನ್ನೂದ್ರಿ?"

"ಹೊರಗಿಂದು ಬರೂದು ಕಡಿಮಿ ಆದಾಗ ಹಂಗ ಕೇಳತೈತ್ರಿ. ಅದು ಹೊರಗಿನ ಸಪ್ಪಳ ಅಲ್ಲ."

"ಯಾಕ ಹಿಂಗಾತ್ರಿ?"

"ಸ್ಕ್ಯಾನಿನ್ಯಾಗ ಗಂಟು ಪಂಟು ಏನೂ ಇಲ್ಲ. ಕೆಲವ್ರಿಗಿ ಆಗತೈತಿ. ಇಂಥಾದಕ್ಕ ಆತು ಅಂತ ಹೇಳಾಕ ಬರೂದಿಲ್ಲ." ಅವರು ನನ್ನ ಕೆಲಸ ಏನೆಂದು ಕೇಳಿದರು. ಹೇಳಿದೆ. ದಿನಕ್ಕೆ ಎಷ್ಟು ಹೊತ್ತು, ಎಷ್ಟು ಜೋರಾಗಿ ಎಂದು ಕೇಳಿದರು. ನಾನು ಉತ್ತರ ಕೊಡುವ ಮೊದಲೇ ತಮ್ಮ ಆ ಡಬ್ಬಿಯ ವಿಷಯ ಹೇಳಿದ.

"ಅದರಿಂದನ ಆಗೇತಿ ಅನ್ನಂಗಿಲ್ಲ," ಎಂದರು ವೈದ್ಯರು. "ಆಗೂದು ಜರಾ ಲಗೂನ ಆಗಿರಬಹುದು. ಇನ್ನ ಹೆಡ್‌ಫೋನ್ ಹಾಕಬ್ಯಾಡ್ರಿ."

ಮರಳಿ ಬರುವಾಗ ಬಸ್ಸಿನಲ್ಲಿ ಗಂಡ ಕಿಟಕಿಯ ಕಡೆ, ನಾನು ನಡುವೆ, ತಮ್ಮ ನನ್ನ ಎಡಕ್ಕೆ ಕೂತಿದ್ದೆವು. ದಾರಿಯಲ್ಲಿ ಅವನು ಏನೋ ಹೇಳುತ್ತಿದ್ದ. ಬಸ್ಸಿನ ಸದ್ದಿನಲ್ಲಿ ನನಗೆ ತಿಳಿಯಲಿಲ್ಲ. ತಿರುಗಿ ನೋಡಿದಾಗ ಅವನ ಕಣ್ಣು ಕೆಂಪಗಿದ್ದವು. ಗಂಡ ಆಮೇಲೆ ಹೇಳಿದರು, ನಾ ಅದನ್ನ ಕೊಡಬಾರದಾಗಿತ್ತು ಎಂದು ಅವನು ದಾರಿಯುದ್ದಕ್ಕೂ ಅದನ್ನೇ ಅನ್ನುತ್ತಿದ್ದನಂತೆ. ನಾನು ಅವನಿಗೆ ಫೋನ್ ಮಾಡಿ, ನಾನೇ ಹಟ ಮಾಡಿ ತಂದದ್ದು, ನೀನು ಬೇಡ ಅಂದಿದ್ದೆ ಎಂದು ಹೇಳಿದೆ. ಅವನು ಏನು ಉತ್ತರ ಕೊಟ್ಟನೋ, ಫೋನಿನಲ್ಲಿ ಸರಿಯಾಗಿ ಕೇಳಲಿಲ್ಲ. ಮುಂದೆ ಒಂದು ದಿನ ಆ ಡಬ್ಬಿಯನ್ನು ವಾಪಸು ಕಳಿಸಿದೆ. ಅವನು ಅದನ್ನು ಬೇರೆ ಯಾರಿಗೋ ಕೊಟ್ಟುಬಿಟ್ಟ, ಅಂಗಡಿಯಲ್ಲಿ ಇಟ್ಟುಕೊಳ್ಳಲಿಲ್ಲ.

ಕಚೇರಿಯವರಿಗೆ ನಾನೇ ತಿಳಿಸಿದೆ. ಅವರು ಒಳ್ಳೆಯ ಮಾತನ್ನೇ ಆಡಿದರು. ಯಂಕಂಚಿಯ ಫೈಲನ್ನು ಮಾತ್ರ ನಾನೇ ಸರಿ ಮಾಡಿಕೊಡುತ್ತೇನೆ ಎಂದೆ, ಒಪ್ಪಿದರು. ಗಂಡ ರಜೆ ಇದ್ದ ದಿನ ನನ್ನ ಎದುರಿಗೆ ಕುರ್ಚಿ ಹಾಕಿಕೊಂಡು ಕೂತು, ತಾವು ಹೆಡ್‌ಫೋನ್ ಹಾಕಿಕೊಂಡು, ಆ ಹೆಂಗಸು ಹೇಳಿದ್ದನ್ನು ಒಂದೊಂದೇ ಸಾಲಾಗಿ ನನ್ನ ಮುಖಕ್ಕೆ ಮುಖ ಕೊಟ್ಟು ಹೇಳಿದರು. ನಾನು ಅವರ ತುಟಿ ನೋಡುತ್ತ ಟೈಪ್ ಮಾಡಿದೆ. ಗ್ರೀಸು ಮೆತ್ತಿದ ಕೈಯ ಮನುಷ್ಯ, ಹೆಂಗಸರ ಇಂಥ ಮಾತುಗಳನ್ನು ಬಾಯಲ್ಲಿ ಆಡಿ ಅಭ್ಯಾಸವಿಲ್ಲ. ಅತ್ತೆ ಹೊಡೆದದ್ದು, ಹೆರಿಗೆ ನೋವು, ಎದೆಹಾಲು ಬತ್ತಿದ್ದು. ಒಂದು ಕಡೆ ಅವರು ಹೆಡ್‌ಫೋನ್ ತೆಗೆದಿಟ್ಟು ಎದ್ದು ಹೋಗಿ ನೀರು ಕುಡಿದು ಬಂದರು. ಫೈಲು ಮುಗಿಸಿ ಕಳಿಸಿದೆವು. ಕೂಸ ಹೋತು ಎಂದು ಬರೆದ ಜಾಗವನ್ನು ಬಹಳ ಹೊತ್ತು ನೋಡಿದೆ. ಅದೇ ನನ್ನ ಕೊನೆಯ ಫೈಲು.

ಬಲಗಿವಿಗೆ ಕೇಳುವ ಯಂತ್ರ ಬಂತು. ಎಡಗಿವಿಗೆ ಯಾವ ಯಂತ್ರವೂ ಉಪಯೋಗವಿಲ್ಲ ಎಂದರು. ಯಂತ್ರ ಹಾಕಿಕೊಂಡರೆ ತಟ್ಟೆ ಇಟ್ಟ ಸದ್ದು ತಲೆಯೊಳಗೆ ಬಡಿದ ಹಾಗಾಗುತ್ತಿತ್ತು, ಮಾತು ಮಾತ್ರ ಕೊಡದ ಒಳಗಿನಿಂದ ಬಂದ ಹಾಗೆ ಕೇಳುತ್ತಿತ್ತು. ಸ್ವಲ್ಪ ದಿನಕ್ಕೆ ಅಭ್ಯಾಸ ಆಗುತ್ತದೆ ಎಂದು ಎಲ್ಲರೂ ಹೇಳಿದರು. ಮನೆಗೆಲಸ ಮಾಡುವಾಗ ತೆಗೆದಿಡುತ್ತಿದ್ದೆ.

ಅಷ್ಟರಲ್ಲಿ ಮಗಳು ಚೊಚ್ಚಲ ಹೆರಿಗೆಗೆ ಬಂದಳು. ಗಂಡು ಮಗು. ಹೆರಿಗೆಯಾಗಿ ಮನೆಗೆ ಬಂದ ಮೇಲೆ ನಾನು ಹಳೆಯದೆಲ್ಲ ಮರೆತೆ. ಬಾಣಂತಿಯ ಎಣ್ಣೆ, ಬಿಸಿನೀರು, ಮಗುವಿನ ಸ್ನಾನ, ಹೊಗೆ ಕೊಡುವುದು, ದಿನ ಹೇಗೆ ಹೋಯಿತೋ ತಿಳಿಯುತ್ತಿರಲಿಲ್ಲ. ಮಗುವನ್ನು ಕಾಲ ಮೇಲೆ ಹಾಕಿಕೊಂಡಾಗ ಅದರ ಅಳು ನನ್ನ ಮೊಣಕಾಲಿಗೆ ತಿಳಿಯುತ್ತಿತ್ತು.

ಒಂದು ಬೆಳಿಗ್ಗೆ ಮಗಳು ಸ್ನಾನಕ್ಕೆ ಹೋಗುವಾಗ ಅಡುಗೆಮನೆಯ ಬಾಗಿಲಲ್ಲಿ ನಿಂತು, "ಅವ್ವಾ, ತೊಟ್ಟಲದಾಗ ಹಾಕೇನಿ, ಲಕ್ಷ್ಯ ಇರಲಿ," ಎಂದಳು. ನಾನು ಅವಳ ತುಟಿ ನೋಡಿ ಹೂಂ ಎಂದೆ. ಆಗ ಯಂತ್ರ ನನ್ನ ಕಿವಿಯಲ್ಲಿರಲಿಲ್ಲ, ಒಲೆಯ ಶೆಕೆಗೆ ಬೆವರು ಇಳಿಯುತ್ತದೆಂದು ಗೋಡೆಯ ಗೂಡಿನಲ್ಲಿ ಇಟ್ಟಿದ್ದೆ. ಅವಳಿಗೆ ಬಾಣಂತಿ ರೊಟ್ಟಿ ಬಡಿಯುತ್ತಿದ್ದೆ. ನಡುವೆ ಒಂದು ಸಲ ಹೋಗಿ ನೋಡಿ ಬಂದೆ, ಮಲಗಿತ್ತು. ಮತ್ತೆ ರೊಟ್ಟಿ ಬಡಿಯಲು ಕೂತೆ. ನೆಲದ ಮೇಲೆ ಹೆಜ್ಜೆ ಬಿದ್ದ ಅದುರು ತಿಳಿದು ತಲೆ ಎತ್ತಿದರೆ, ಮಗಳು ಒದ್ದೆ ಸೀರೆ ಸುತ್ತಿಕೊಂಡು, ಕೂದಲಿನಿಂದ ನೀರು ಸುರಿಯುತ್ತ, ಪಡಸಾಲೆಗೆ ಓಡುತ್ತಿದ್ದಳು. ಹಿಂದೆಯೇ ಹೋದೆ. ಮಗುವಿನ ಬಾಯಿಗೆ ಬಂದ ಹಾಲು ಮೂಗಿಗೆ ಏರಿ, ಅತ್ತು ಅತ್ತು, ಮುಖ ನೀಲಿಯಾಗಿತ್ತು. ಅವಳು ಅದನ್ನು ಬೋರಲು ಹಿಡಿದು ಬೆನ್ನು ತಟ್ಟುತ್ತಿದ್ದಳು. ಅದರ ಬಾಯಿ ತೆರೆದಿತ್ತು. ನನಗೆ ಅಳು ಕೇಳಲಿಲ್ಲ, ಅದಕ್ಕೆ ಉಸಿರು ಬಂತೋ ಇಲ್ಲವೋ ತಿಳಿಯಲಿಲ್ಲ. ಮಗಳ ಮುಖ ಸಡಿಲಾದದ್ದನ್ನು ನೋಡಿ, ಬಂತು ಎಂದು ಗೊತ್ತಾಯಿತು.

ಅವಳು ನನ್ನನ್ನು ಬೈಯಲಿಲ್ಲ. ಮಗುವನ್ನು ಎದೆಗೆ ಹಚ್ಚಿಕೊಂಡು ಗೋಡೆಯ ಕಡೆ ತಿರುಗಿ ಕೂತಳು. ಸಂಜೆ ಅವಳು ಫೋನಿನಲ್ಲಿ ಬಹಳ ಹೊತ್ತು ಮಾತಾಡಿದಳು. ಎರಡು ದಿನಕ್ಕೆ ಅವಳ ಅತ್ತೆ ಬಸವನ ಬಾಗೇವಾಡಿಯಿಂದ ಬಂದರು. ಬಾಣಂತನ ಇನ್ನು ಅಲ್ಲೇ ಮುಗಿಸೋಣ ಎಂದರು. ಒಳ್ಳೆಯ ಹೆಂಗಸು, ನನ್ನ ಕೈ ಹಿಡಿದುಕೊಂಡು, ನನ್ನ ಬಲಬದಿಗೆ ಬಂದು ಜೋರಾಗಿ ಹೇಳಿದರು.

"ನಿಮಗೂ ತ್ರಾಸ ಆಗತೈತ್ರಿ ಬೀಗ್ತ್ಯಾರ. ಒಬ್ಬರ ಎಷ್ಟಂತ ಮಾಡ್ತೀರಿ?"

"ಕರಕೊಂಡ ಹೋಗ್ರಿ," ಎಂದೆ. ನಾನು ಅವರ ಜಾಗದಲ್ಲಿದ್ದರೂ ಹಾಗೇ ಮಾಡುತ್ತಿದ್ದೆ.

ಮಗಳು ಹಬ್ಬಕ್ಕೆ ಬರುತ್ತಾಳೆ. ಮಗು ಈಗ ಗೋಡೆ ಹಿಡಿದು ನಿಲ್ಲುತ್ತದೆ, ಒಂದೊಂದು ಮಾತು ಕಲಿಯುತ್ತಿದೆಯಂತೆ. ಅವಳು ನೀರಿಗೆ ಹೋಗುವಾಗಲೂ ಅದನ್ನು ಸೊಂಟದ ಮೇಲೆ ಎತ್ತಿಕೊಂಡೇ ಹೋಗುತ್ತಾಳೆ. ನಾನು ತಹಶೀಲ್ದಾರ್ ಕಚೇರಿಯ ಎದುರಿನ ಒಂದು ಅಂಗಡಿಯಲ್ಲಿ ಅರ್ಜಿ ಟೈಪ್ ಮಾಡಿಕೊಡಲು ಹೋಗುತ್ತೇನೆ. ಜನ ಹೇಳಿದ್ದನ್ನು ಅಂಗಡಿಯವರು ಕೈಯಿಂದ ಬರೆದುಕೊಡುತ್ತಾರೆ, ನಾನು ನೋಡಿ ಟೈಪ್ ಮಾಡುತ್ತೇನೆ. ಅಕ್ಷರದ ತಪ್ಪು ಬರುವುದಿಲ್ಲ. ಬಲಗಿವಿಯ ಗೆರೆ ಪ್ರತಿ ಸಲ ವಿಜಾಪುರಕ್ಕೆ ಹೋದಾಗ ಇನ್ನಷ್ಟು ಇಳಿದಿರುತ್ತದೆ.

ಮನೆಯಲ್ಲಿ ಗಂಡ ಮುಖ್ಯವಾದ ಮಾತುಗಳನ್ನು ಎದುರಿಗೆ ಬಂದು ಹೇಳುತ್ತಾರೆ. ಹಾಲಿನವನು ಬಂದಿದ್ದಾನೆ, ಗ್ಯಾಸು ಮುಗಿದಿದೆ, ನಾಳೆ ತಮ್ಮ ಬರುತ್ತಾನೆ. ನಿಂತುಹೋದವು ಉಳಿದ ಮಾತುಗಳು. ಡಿಪೋದಲ್ಲಿ ಯಾರೋ ಏನೋ ಅಂದದ್ದು, ದಾರಿಯಲ್ಲಿ ಕಂಡದ್ದು, ಊಟ ಮಾಡುತ್ತ ಸುಮ್ಮನೆ ಆಡುವಂಥವು. ನಿನ್ನೆ ಅವರು ಊಟಕ್ಕೆ ಮೊದಲು ಕೈ ಒರೆಸಿಕೊಳ್ಳುತ್ತ, ಟವೆಲು ಮುಖಕ್ಕೆ ಹಿಡಿದುಕೊಂಡು ಏನೋ ಹೇಳಿ ನಕ್ಕರು.

"ಏನಂದ್ರಿ?" ಎಂದೆ.

ಅವರು ಟವೆಲು ಇಳಿಸಿ ನನ್ನ ಕಡೆ ನೋಡಿದರು. ಹೇಳಬೇಕೆಂದು ಬಾಯಿ ತೆರೆದರು. ಆಮೇಲೆ ಕೈಯಾಡಿಸಿ, "ಏನಿಲ್ಲ ಬಿಡು," ಎಂದರು. ಅಷ್ಟು ಹೊತ್ತಿಗೆ ಪಕ್ಕದ ಮನೆಯವರು ಗೇಟಿಗೆ ಬಂದು ಕರೆದಿರಬೇಕು, ಹೊರಗೆ ಹೋದರು. ಕಿಟಕಿಯಿಂದ ನೋಡಿದೆ. ಅದೇ ಮಾತನ್ನು ಅವರಿಗೆ ಹೇಳುತ್ತಿದ್ದರೇನೋ, ಇಬ್ಬರೂ ಗೇಟು ಹಿಡಿದುಕೊಂಡು ಬಹಳ ಹೊತ್ತು ನಗುತ್ತಿದ್ದರು. ನಾನು ಎರಡು ತಾಟು ಹಾಕಿ, ಊಟಕ್ಕೆ ಬಡಿಸಿ ಕೂತೆ.